ಉಪಕರಣವೂ ಹಸ್ತಾಭ್ಯಾಸವೂ

ಒಂದು ಕಸಬನ್ನು ಇಪ್ಪತ್ತು ವರುಷ ಮಾಡಿದವನ ವಿದ್ಯೆಯು ಎಲ್ಲಿ ನೆಲೆಸಿರುತ್ತದೆ? ಅವನ ಬುದ್ಧಿಯಲ್ಲಿಯೋ, ಕೈಬೆರಳುಗಳಲ್ಲಿಯೋ, ಅವನು ಹಿಡಿದ ಉಪಕರಣದಲ್ಲಿಯೋ? ಆ ಉಪಕರಣವನ್ನು ಮತ್ತೊಬ್ಬನು ಒಮ್ಮೆಲೇ ಕಿತ್ತುಕೊಂಡು ಹೊಸದೊಂದನ್ನು ಕೈಯಲ್ಲಿಟ್ಟರೆ ಅವನಿಗೆ ಅನ್ಯಾಯವಾಯಿತೆನ್ನಬೇಕೋ, ಉಪಕಾರವಾಯಿತೆನ್ನಬೇಕೋ? ಪ್ರಶ್ನೆಯು ಹಳೆಯದೇ ಸರಿ. ಆದರೆ ಚಲಚ್ಚಿತ್ರಗಳನ್ನು ಸಂಕಲನ ಮಾಡುವವರ ಕಸಬಿನಲ್ಲಿ ಅದು 2011ನೆಯ ಇಸವಿಯಲ್ಲಿ ತಾಳಿದ ರೂಪವು ಬಹು ಸ್ಪಷ್ಟವಾದುದರಿಂದ, ಆ ಸಂಗತಿಯನ್ನೇ ಹಿಡಿದು ವಿಚಾರಿಸುವದು ಸುಲಭವಾಗಿರುವದು.

ಆ್ಯಪಲ್ ಕಂಪನಿಯ ಫೈನಲ್ ಕಟ್ ಪ್ರೊ ಎಂಬ ತಂತ್ರಾಂಶವು 1999ರಲ್ಲಿ ಹೊರಬಂದಿತು. ಅಲ್ಲಿಯ ವರೆಗೆ ಗಣಕಯಂತ್ರದ ಮೇಲೆ ಚಿತ್ರವನ್ನು ಸಂಕಲಿಸುವ ವ್ಯವಸ್ಥೆಗಳು ಹೆಚ್ಚಾಗಿ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ನಿಲುಕುವಂಥವು. ಇದಾದರೋ ಸಾಮಾನ್ಯ ಕಸಬುದಾರನಿಗೂ ದಕ್ಕಿತು. ವಾಲ್ಟರ್ ಮರ್ಚ್‌ರಂಥ ಹಿರಿಯ ಸಂಕಲನಕಾರರು 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು ಅದರಿಂದಲೇ ಸಿದ್ಧಪಡಿಸಿದ ಮೇಲೆ ಅದರ ಯೋಗ್ಯತೆಯ ಬಗ್ಗೆ ಸಂಶಯವುಳಿಯಲಿಲ್ಲ. ಹೀಗೆ ಹನ್ನೆರಡು ವರುಷ ಸಹಸ್ರಾರು ಜನರ ಕೈಗಳು ಆ ತಂತ್ರಾಂಶಕ್ಕೆ ಒಗ್ಗಿದವು. ಯಾವ ಕೀಲಿಯನ್ನು ಒತ್ತಿದರೆ ಚಿತ್ರವು ಎಲ್ಲಿ ತುಂಡಾಗುವದೆಂಬದನ್ನು ಅವರು ಯೋಚಿಸುತ್ತಿರಲಿಲ್ಲ, ಬೆರಳು ಬಲ್ಲದು.

2011ರ ಜೂನ್ 21ರಂದು ಕಂಪನಿಯು ಅದೇ ಹೆಸರಿನ ಹೊಸ ತಂತ್ರಾಂಶವನ್ನು ಹೊರತಂದು, ಹಳೆಯದರ ಮಾರಾಟವನ್ನು ನಿಲ್ಲಿಸಿತು. ಬೆಲೆಯೇನೋ ಇಳಿದಿತ್ತು, 999 ಡಾಲರಿನ ಕಟ್ಟಿನೊಳಗೆ ಸಿಗುತ್ತಿದ್ದದ್ದು ಈಗ ಬಿಡಿಯಾಗಿ 299ಕ್ಕೆ ಸಿಕ್ಕಿತು. ಆದರೆ ಒಳಗಿನ ಏರ್ಪಾಡೇ ಬೇರೆ. ಹಿಂದೆ ಸಂಕಲನಕಾರನು ಚಿತ್ರಧ್ವನಿಗಳ ತುಣುಕುಗಳನ್ನು ಒಂದರ ಮೇಲೊಂದು ಸಾಲಾಗಿ ತನಗೆ ಬೇಕಾದ ಕಡೆಗೆ ಇಡುತ್ತಿದ್ದನು. ಇಟ್ಟದ್ದು ಇಟ್ಟಲ್ಲಿಯೇ ಇರುತ್ತಿತ್ತು. ಹೊಸದರಲ್ಲಿ ತುಣುಕುಗಳು ಸೂಜಿಗಲ್ಲಿಗೆ ಸಿಕ್ಕವುಗಳಂತೆ ತಾವಾಗಿ ಒಂದಕ್ಕೊಂದು ಅಂಟಿಕೊಳ್ಳುವವು. ಒಂದನ್ನು ತೆಗೆದರೆ ಉಳಿದವು ಸರಿದು ತೆರಪನ್ನು ತುಂಬುವವು. ಮೇಲಾಗಿ, ಹಲವು ಕ್ಯಾಮೆರಾಗಳಿಂದ ತೆಗೆದ ಚಿತ್ರಗಳನ್ನು ಕೂಡಿಸಿ ನೋಡುವ ಅನುಕೂಲವು ಮೊದಲಿಗೆ ಇರಲೇ ಇಲ್ಲ. ಅದು ಬಂದದ್ದು 2012ರ ಜನವರಿಯಲ್ಲಿ. ಎಲ್ಲಕ್ಕಿಂತ ಕಠಿಣವಾದ ಮಾತೆಂದರೆ, ಹಳೆಯದರಲ್ಲಿ ಮಾಡಿಟ್ಟ ಕೆಲಸವನ್ನು ಹೊಸದು ತೆರೆಯುತ್ತಿರಲಿಲ್ಲ.

ಇದನ್ನು ರಚಿಸಿದವರು ಕಸಬನ್ನು ಅರಿಯದವರೆಂದು ಹೇಳುವಂತಿಲ್ಲ. ಹಳೆಯದನ್ನು ರೂಪಿಸಿದವರಲ್ಲಿ ಮುಖ್ಯರಾದ ರ‍್ಯಾಂಡಿ ಯುಬಿಲೋಸ್‌ರೇ ಹೊಸದನ್ನೂ ರೂಪಿಸಿದವರು. ಸಿಟ್ಟಿನಿಂದ ಆ್ಯಪಲನ್ನು ತೊರೆದ ಅನೇಕರು ಅಡೋಬಿಯವರ ಪ್ರೀಮಿಯರ್‌ಗೆ ಹೋದರಷ್ಟೆ. ಆ ಪ್ರೀಮಿಯರಿನ ಮೊದಲ ಆವೃತ್ತಿಯನ್ನು ಮಾಡಿದವರೂ ಅವರೇ! ಹೀಗೆ ಒಬ್ಬನ ಮನೆಯಿಂದ ಮುನಿದು ಹೊರಟವರು ಅವನೇ ಹಿಂದೆ ಕಟ್ಟಿದ ಮನೆಯನ್ನು ಹೊಕ್ಕಂತಾಯಿತು.

ಈ ಕಲಹವು ದೂರದೇಶದ ಮಾತೆಂದು ವಾಚಕರು ತಳ್ಳಿಹಾಕಲಾಗದು. ಬೆಳಗಾವಿಯಲ್ಲಿಯೂ ಖಾನಾಪುರದಲ್ಲಿಯೂ ಮದುವೆ ಮುಂಜಿವೆಗಳ ಚಿತ್ರವನ್ನು ಸಂಕಲಿಸಿಯೇ ಹೊಟ್ಟೆ ಹೊರೆಯುವವರಿದ್ದಾರೆ. ಅವರ ಕೆಲಸವನ್ನು ಕ್ಷುದ್ರವೆಂದು ಬಗೆಯುವದು ತಪ್ಪು. ಮಂಗಲಾಷ್ಟಕಗಳು ಮುಗಿಯುತ್ತ ಬಂದಾಗ ಅಂತರಪಟದ ಈಚೆಗೊಂದು, ಆಚೆಗೊಂದು ಕ್ಯಾಮೆರಾ ನಡೆದಿರುತ್ತದೆ. ಪಟವು ಸರಿದ ಕ್ಷಣದಲ್ಲಿ ವರನ ಮುಖವನ್ನು ತೋರಿಸಬೇಕೋ, ವಧುವಿನದನ್ನೋ, ಅಕ್ಷತೆಯ ಮಳೆಯನ್ನೋ? ಮಗಳನ್ನು ಕಳಿಸಿಕೊಡುವ ತಾಯಿಯ ಮೇಲೆ ಚಿತ್ರವನ್ನು ಎಷ್ಟು ಹೊತ್ತು ನಿಲ್ಲಿಸಬೇಕು? ಎರಡು ಗಳಿಗೆ ಹೆಚ್ಚಾದರೆ ನಾಟಕವಾಗುವದು, ಕಡಿಮೆಯಾದರೆ ಆ ಮನೆಯವರು ಹತ್ತು ವರುಷದ ಮೇಲೆ ನೋಡಿದಾಗ ಏನೋ ಕಳೆದುಹೋಯಿತೆಂದುಕೊಳ್ಳುವರು. ಈ ವಿವೇಕವು ಯಾವ ತಂತ್ರಾಂಶದಲ್ಲಿಯೂ ಇಲ್ಲ. ಅಂದಮೇಲೆ ತಂತ್ರಾಂಶವು ಬದಲಾದರೆ ಅದು ಹೋಗುವದೂ ಇಲ್ಲ. ಹಾಗಾದರೆ ಸಂಕಲನಕಾರರ ಗೋಳು ಬರಿಯ ಸೋಮಾರಿತನವೇ?

ಇಲ್ಲಿ ಖಾನಾಪುರದ ಮಣ್ಣು ನಮಗೆ ಸಹಾಯಕ್ಕೆ ಬರುವದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣಸಂಸ್ಥೆಯು ಖಾನಾಪುರದಲ್ಲಿರುವದನ್ನು ಈ ಭಾಗದ ಜನರು ಬಲ್ಲರು. ಅದೇ ಆಯೋಗವು 2018ರಿಂದ ದೇಶದ ಕುಂಬಾರರಿಗೆ ವಿದ್ಯುತ್ತಿನ ತಿಗರಿಗಳನ್ನು ಹಂಚುವ ಯೋಜನೆಯನ್ನು ನಡೆಯಿಸಿತು. ಹಳೆಯ ತಿಗರಿಯನ್ನು ಕೋಲಿನಿಂದ ತಿರುವಿ ಬಿಡಬೇಕು. ಬಿಟ್ಟ ಕ್ಷಣದಿಂದಲೇ ಅದರ ವೇಗವು ಕುಂದತೊಡಗುವದು. ಕುಂದುತ್ತಿರುವ ವೇಗವನ್ನು ಅಂಗೈಯಿಂದ ಅರಿತು, ಮಣ್ಣನ್ನು ಎತ್ತುವದನ್ನು ಮೊದಲೂ, ಕಂಠವನ್ನು ತಿದ್ದುವದನ್ನು ಕಡೆಗೂ ಇಟ್ಟುಕೊಳ್ಳುವದು ಹಳೆಯ ಕುಂಬಾರನ ಜಾಣ್ಮೆ. ವಿದ್ಯುತ್ತಿನ ತಿಗರಿಯು ಕುಂದುವದಿಲ್ಲ. ಅಂದರೆ ಆ ಜಾಣ್ಮೆಯಲ್ಲಿ ಒಂದು ಪಾಲು ಉಪಕರಣದ ಕೊರತೆಯನ್ನು ತುಂಬುವದಕ್ಕಾಗಿಯೇ ಹುಟ್ಟಿದ್ದು. ಕೊರತೆಯು ಹೋದೊಡನೆ ಅದು ನಿರುದ್ಯೋಗಿಯಾಯಿತು. ಗಡಿಗೆಯ ಹೊಟ್ಟೆಯು ಎಷ್ಟು ಉಬ್ಬಬೇಕೆಂಬ ಕಣ್ಣಳತೆಯಾದರೋ ಎರಡೂ ತಿಗರಿಗಳಿಗೆ ಒಂದೇ.

ಸಂಕಲನಕಾರರ ವಿದ್ಯೆಯೂ ಹೀಗೆಯೇ ಎರಡು ಪಾಲು. ಆದರೆ ವಿದ್ಯೆಯನ್ನು ಪಡೆದವನಿಗೆ ಆ ಎರಡು ಪಾಲುಗಳು ಬೇರೆಬೇರೆಯಾಗಿ ಕಾಣುವದಿಲ್ಲವೆಂಬದನ್ನು ನಾವು ಮರೆಯಲಾಗದು. ಬೆರಳು ತಾನಾಗಿ ನಡೆಯುತ್ತಿದ್ದಾಗಲೇ ಮನಸ್ಸು ತಾಯಿಯ ಮುಖವನ್ನು ನೋಡಲು ಬಿಡುವಾಗಿರುವದು. ಬೆರಳು ತಡವರಿಸಿದರೆ ಮನಸ್ಸು ಕೀಲಿಯನ್ನು ಹುಡುಕುತ್ತ ಕೂಡ್ರುವದು. ಲಗ್ನಸರಾಯಿಯ ನಡುವೆ ಒಬ್ಬನಿಗೆ ಹೀಗಾದರೆ ಅವನ ನಷ್ಟವು ಕಲ್ಪನೆಯದಲ್ಲ. ಅದೇ ತಂತ್ರಾಂಶವನ್ನು ಮೊದಲನೆಯದಾಗಿ ಕಲಿಯುವ ಖಾನಾಪುರದ ಹುಡುಗನಿಗೆ ಮಾತ್ರ ಈ ದುಃಖವು ತಿಳಿಯದು. ತುಣುಕುಗಳು ತಾವಾಗಿ ಸರಿಯುವದು ಅವನಿಗೆ ಸಹಜವೇ. ಅವನೂ ತಪ್ಪಿದವನಲ್ಲ.

ಹೀಗಿರಲು ಹೊಸತನವನ್ನೇ ದೂರುವದು ಸಲ್ಲದು. ನನ್ನ ಮಟ್ಟಿಗೆ ಅನ್ಯಾಯವು ಬೇರೆ ಕಡೆಗಿರುವದು. ಹೊಸ ತಿಗರಿಯು ಬಂದ ದಿನ ಹಳೆಯ ತಿಗರಿಯು ಹಿತ್ತಿಲಲ್ಲಿಯೇ ಇರುತ್ತದೆ, ಬೇಕಾದಾಗ ತಿರುಗುತ್ತದೆ, ಅದರ ಮೇಲೆ ಮಾಡಿದ ಗಡಿಗೆಯಲ್ಲಿ ನೀರು ಇಂದಿಗೂ ತಣ್ಣಗಿರುತ್ತದೆ. ತಂತ್ರಾಂಶವನ್ನು ಕೊಂಡವನಾದರೋ ಅದರ ಒಡೆಯನಲ್ಲ, ಬಳಸಲು ಅಪ್ಪಣೆ ಪಡೆದವನು. 2013ರಿಂದ ಅಡೋಬಿಯವರು ತಮ್ಮ ಹೊಸ ಆವೃತ್ತಿಗಳನ್ನು ವಂತಿಗೆಯ ಮೇಲೆಯೇ ಕೊಡತೊಡಗಿದುದರಿಂದ, ಆ್ಯಪಲಿನಿಂದ ಅಲ್ಲಿಗೆ ಹೋದವರು ಬಾಡಿಗೆದಾರರಾದರು. ಖಂಡೇನವಮಿಯ ದಿನ ಕಂಬಾರನು ತನ್ನ ಸುತ್ತಿಗೆಗೆ ಕುಂಕುಮವಿಡುವಂತೆ ಇವರೂ ಗಣಕಯಂತ್ರಕ್ಕೆ ಹೂವೇರಿಸುವರು. ಒಳಗಿನ ಆಯುಧವು ಮಾತ್ರ ಪರರ ಸ್ವತ್ತು.

ಮಾಡಿಟ್ಟ ಕೆಲಸವು ತೆರೆಯದೆ ಹೋಗುವ ಸಂಕಟವನ್ನು ಕನ್ನಡದ ಬರಹಗಾರರಿಗೆ ವಿವರಿಸಬೇಕಾಗಿಲ್ಲ. ಯುನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳನ್ನು ಇಂದಿನ ಯಂತ್ರದಲ್ಲಿ ತೆರೆದರೆ ಕನ್ನಡವಿದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುವದು. ಅಲ್ಲಿ ಪರಿವರ್ತಕಗಳು ಹುಟ್ಟಿದವು. ತಯಾರಕನು ಹಳೆಯ ಉಪಕರಣವನ್ನು ಸದಾಕಾಲ ಸಾಕಬೇಕೆಂದು ಯಾರೂ ಕೇಳಲಾರರು, ಅದಕ್ಕೂ ಖರ್ಚಿದೆ. ಆದರೆ ಪರರ ಅಭ್ಯಾಸದಿಂದಲೇ ಹೆಸರು ಗಳಿಸಿದವನು, ಅವರ ಹಿಂದಿನ ಕೆಲಸವನ್ನು ಹೊಸದರೊಳಗೆ ತರುವ ದಾರಿಯನ್ನು ಕಟ್ಟಿದ ಮೇಲೆಯೇ ಹಳೆಯ ಬಾಗಿಲನ್ನು ಮುಚ್ಚತಕ್ಕದ್ದು. ಆ್ಯಪಲಿನವರೂ ಗದ್ದಲವೆದ್ದ ಕೆಲವು ತಿಂಗಳ ಮೇಲೆ ಹಳೆಯದನ್ನು ಮರಳಿ ಮಾರಿದರು.

ಹೊಸದಕ್ಕೆ ಹೊಂದಿಕೊಳ್ಳದೆಯೇ ನಡೆದವರೂ ಉಂಟು. 2019ರ ಕೊರಿಯದ 'ಪ್ಯಾರಸೈಟ್' ಚಿತ್ರದ ಸಂಕಲನಕಾರ ಯಾಂಗ್ ಜಿನ್‌ಮೊ ಅವರು ಅದನ್ನು ಸಂಕಲಿಸಿದ್ದು, ಎಂಟು ವರುಷಗಳ ಹಿಂದೆಯೇ ಕೈಬಿಡಲ್ಪಟ್ಟ ಆ ಹಳೆಯ ಫೈನಲ್ ಕಟ್ ಪ್ರೊದ ಏಳನೆಯ ಆವೃತ್ತಿಯಿಂದಲೇ. ಚಿತ್ರಕ್ಕೆ ಆಸ್ಕರಿನ ಶ್ರೇಷ್ಠ ಚಿತ್ರವೆಂಬ ಮನ್ನಣೆ ಬಂದಿತು, ಸಂಕಲನವೂ ಆಸ್ಕರಿನ ಪಟ್ಟಿಯಲ್ಲಿ ನಾಮನಿರ್ದೇಶನವಾಗಿತ್ತು. 2017ರಿಂದೀಚಿನ ಆ್ಯಪಲ್ ವ್ಯವಸ್ಥೆಗಳಲ್ಲಿ ಆ ಆವೃತ್ತಿಯು ನಡೆಯುವದಿಲ್ಲವಾದುದರಿಂದ, ಅದನ್ನು ಬಿಡಲೊಲ್ಲದವರು ಅದರೊಂದಿಗೆ ಒಂದು ಹಳೆಯ ಗಣಕಯಂತ್ರವನ್ನೂ, ಅದರ ಹಳೆಯ ವ್ಯವಸ್ಥೆಯನ್ನೂ ಮುದಿ ಎತ್ತನ್ನು ಸಾಕಿದಂತೆ ಸಾಕಿಕೊಂಡಿರಬೇಕಾಗುವದು.