ಬೆವರೂರಿನ ಮುಖ, ಮೈಯ ಮೋಹ

ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿ ಮೂರ್ತಿಗೆ 12 ವರ್ಷಕ್ಕೊಮ್ಮೆ ಹಾಲು, ಅರಿಶಿನ, ಚಂದನದ ಮಸ್ತಕಾಭಿಷೇಕ. ಬಾಹುಬಲಿಯ ತ್ಯಾಗದ ದಾರಿ ಹಿಡಿದ ದಿಗಂಬರ ಜೈನ ಮುನಿಗಳದೋ ಸ್ನಾನವೇ ಇಲ್ಲದ ವ್ರತ. ಅವರ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು.

ಹಾಗಾದರೆ ಗೃಹಸ್ಥರು ಮುಖದ ಆರೈಕೆ ಮಾಡಿಕೊಳ್ಳುವುದು ದೇಹಮೋಹವೇ?

ಖಂಡಿತ ಅಲ್ಲ. ಮುನಿ ತೊರೆದದ್ದು ದೇಹಾಭಿಮಾನವನ್ನು; ಗೃಹಸ್ಥರ ಆರೈಕೆಯೋ ಬರೀ ಅಗತ್ಯ. ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ. ಮಿಶ್ರ ಚರ್ಮದವರ ಹಣೆ, ಮೂಗು, ಗದ್ದ ಜಿಡ್ಡಿನಿಂದ ಹೊಳೆಯುತ್ತಿದ್ದರೂ ಕೆನ್ನೆ ಒಣಗಿ ಬಿಗಿಯುತ್ತದೆ. ಆರೈಕೆ ಹೊಸದಾಗಿ ಶುರುಮಾಡುವವರಿಗೆ ದಿನಕ್ಕೆರಡು ಸಲ ಸೌಮ್ಯ ಫೇಸ್‌ವಾಶ್, ಜೆಲ್‌ನಂಥ ತೆಳು ಮಾಯಿಶ್ಚರೈಸರ್, ಹಗಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು.

ಮೈಬಣ್ಣ ಬಿಳಿಯಾಗಲೆಂಬ ಆಸೆ ಹುಟ್ಟಿದಲ್ಲಿ ಆರೈಕೆ ಮೋಹವಾಗುತ್ತದೆ. ಬಿಳಿಯಾಗಿಸುತ್ತೇವೆನ್ನುವ ಕ್ರೀಮುಗಳನ್ನು ದಯವಿಟ್ಟು ಕೊಳ್ಳಬೇಡಿ.