ಗಣಕಯಂತ್ರವೂ ಗುರುವಿನ ಅಧಿಕಾರವೂ

ಶಿಷ್ಯನ ಬೆರಳು ಗುರುವಿನ ಬೆರಳಿಗಿಂತ ಚುರುಕಾಗಿರುವ ವಿದ್ಯೆಯಲ್ಲಿ ಗುರುವಿಗೆ ಬೋಧಿಸುವ ಅಧಿಕಾರವುಂಟೆ? ಪಾಠಶಾಲೆಗಳಿಗೆ ಗಣಕಯಂತ್ರವು ಬಂದಂದಿನಿಂದ ಉಪಾಧ್ಯಾಯರನ್ನು ಬಾಧಿಸುತ್ತಿರುವ ಪ್ರಶ್ನೆಯಿದು.

ಯಂತ್ರವಿದ್ಯೆಯು ಕೈಚಳಕಕ್ಕೆ ಸೇರಿದುದಾದ್ದರಿಂದ ಅದಕ್ಕೆ ಯಂತ್ರಜ್ಞನೊಬ್ಬನನ್ನು ನಿಯಮಿಸಿದರೆ ಸಾಕು, ಗಣಿತ ಚರಿತ್ರೆಗಳನ್ನು ಕಲಿಸುವವನಿಗೆ ಈ ಶ್ರಮವೇಕೆ ಎಂಬುದು ಒಂದು ಪಕ್ಷ. ೨೦೦೧ರಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಯಂತ್ರಗಳನ್ನೂ ಬೋಧಕರನ್ನೂ ಒದಗಿಸುವ ಕಾರ್ಯವು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಯಾಗಿ ಕೊಡಲ್ಪಟ್ಟಿತು. ಅದೇ ವರ್ಷ ನೆರೆಯ ಕೇರಳದಲ್ಲಿ ಮೊದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಬೇರೊಂದು ಮಾರ್ಗವನ್ನು ಹಿಡಿಯಿತು. ಅಲ್ಲಿ ಶಾಲೆಯ ಉಪಾಧ್ಯಾಯರಿಗೇ ತರಬೇತಿಯಾಯಿತು. ಇತರರಿಗೆ ಕಲಿಸತಕ್ಕವರನ್ನೂ ಅವರೊಳಗಿಂದಲೇ ಆರಿಸಲಾಯಿತು. ಮುಂದೆ ಮುಕ್ತ ತಂತ್ರಾಂಶವನ್ನು ಅಂಗೀಕರಿಸಿದುದರಿಂದ ಯಂತ್ರವನ್ನು ತಮ್ಮ ನುಡಿಗೂ ಪಾಠಕ್ರಮಕ್ಕೂ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವೂ ಒದಗಿತು.

ಈ ಎರಡು ಮಾರ್ಗಗಳಲ್ಲಿ ವಿಚಾರಿಸತಕ್ಕುದು ವಿದ್ಯೆಯು ಯಾರಲ್ಲಿ ನೆಲೆಸುವುದೆಂಬುದು. ಗುತ್ತಿಗೆ ತೀರಿ ಬೋಧಕನು ಹೊರಟರೆ ಅವನ ವಿದ್ಯೆಯೂ ಅವನೊಡನೆ ಹೊರಡುವುದು. ಉಪಾಧ್ಯಾಯನಲ್ಲಿ ನೆಲೆಸಿದುದಾದರೋ ಕ್ಷೇತ್ರಗಣಿತದ ಆಕೃತಿಯಲ್ಲಿ, ಭೂಗೋಳದ ನಕ್ಷೆಯಲ್ಲಿ, ದಿನದಿನವೂ ಪ್ರಯೋಗಕ್ಕೆ ಬರುವುದು.

ಹಾಗಾದರೆ ಅರೆಗಲಿತವನು ಕಲಿಸಬಹುದೆ ಎಂದು ಆಕ್ಷೇಪಿಸುವರು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ನಾಟ್ಯಾಚಾರ್ಯರಿಬ್ಬರ ವಿವಾದಕ್ಕೆ ಶಿಷ್ಯೆಯ ಪ್ರಯೋಗವೇ ಒರೆಗಲ್ಲಾಗುತ್ತದೆ. ತಾನು ಬಲ್ಲುದು ಬೇರೆ, ಬಲ್ಲುದನ್ನು ಇನ್ನೊಬ್ಬರಲ್ಲಿ ಊರುವುದು ಬೇರೆ. ಬಾಲಕನು ಯಂತ್ರಕ್ಕೆ ಬರೆದ ಆದೇಶಗಳು ತಪ್ಪಿ ನಡೆದಾಗ, ಬೇಸರಿಸದೆ ಒಂದೊಂದೇ ಆದೇಶವನ್ನು ಪರೀಕ್ಷಿಸಿ ದೋಷವನ್ನು ಹಿಡಿಯುವ ಕ್ರಮವನ್ನು ಬೆರಳಿನ ಚುರುಕು ಕಲಿಸಲಾರದು. ಅದು ಗುರುವಿನ ಕಾರ್ಯ. “ನನಗೆ ತಿಳಿಯದು, ಕೂಡಿ ನೋಡೋಣ” ಎಂದ ಮಾತ್ರದಿಂದ ಗುರುತ್ವವು ಕುಂದದು. ತಿಳಿದಂತೆ ನಟಿಸಿದರೆ ಕುಂದುವುದು.

ಆದರೆ ಹಾಗೆ ನಿರ್ಭಯವಾಗಿ ನುಡಿಯಲು ಉಪಾಧ್ಯಾಯನಿಗೆ ಬುಡದ ತಿಳಿವಳಿಕೆ ಬೇಕು. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಎರಡು ದಿನ ತೋರಿಸಿ, ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುವುದು ತರಬೇತಿಯೆನಿಸದು. ಯಂತ್ರವು ಬದಲಾದೊಡನೆ ಆ ಗುಂಡಿಯೂ ಬದಲಾಗುವುದು. ಒತ್ತಿದಾಗ ಒಳಗೆ ನಡೆಯುವುದೇನು, ಅದು ತನ್ನ ಪಾಠಕ್ಕೆ ಎಷ್ಟರ ಮಟ್ಟಿಗೆ ಉಪಕಾರಕ, ಎಲ್ಲಿ ಅನಾವಶ್ಯಕ ಎಂಬುದನ್ನು ಅವನು ಅರಿಯಬೇಕು. ತಪ್ಪುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಅವನಿಗೆ ಬಿಡುವು ದೊರೆಯಬೇಕು. ಇದಾವುದನ್ನೂ ಒದಗಿಸದೆ ಉಪಾಧ್ಯಾಯನು ಕಾಲಕ್ಕೆ ಹಿಂದುಳಿದನೆಂದು ದೂರುವುದು, ಎತ್ತುಗಳನ್ನು ಕೊಡದೆ ನೇಗಿಲನ್ನು ಮಾತ್ರ ಕೊಟ್ಟು, ಹೊಲವು ಬೀಳಾಯಿತೆಂದು ಒಕ್ಕಲಿಗನನ್ನು ಹಳಿದಂತಾಗುವುದು.