ಕಾಲ್ಗುಣ

ಮನೆಯಲ್ಲಿ ಏನಾದರೂ ಕೆಟ್ಟಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದೆಂದು ನೀವು ಎಂದಾದರೂ ಗಮನಿಸಿದ್ದೀರಾ? ಮಿಕ್ಸಿ ಗರ್ರೆಂದು ನಿಲ್ಲುತ್ತದೆ, ಗಡಿಯಾರ ಮುಂದೆ ಹೋಗುವುದಿಲ್ಲ, ಹೊಸ ಲೋಟದ ಅಂಚು ಒಡೆದಿರುತ್ತದೆ. "ಏನಾಯಿತು?" ಎಂದು ನಾವು ಕೇಳುವುದಿಲ್ಲ. "ಯಾರು ಮುಟ್ಟಿದ್ದು?" ಎಂದೇ ಕೇಳುತ್ತೇವೆ. ಚೂರು ಗುಡಿಸುವುದಕ್ಕೆ ಪೊರಕೆ ಬರುವ ಮೊದಲೇ ಹೆಸರೊಂದು ಬಂದುಬಿಡಬೇಕು ನಮಗೆ.

ಇದೊಂದು ಸಣ್ಣ ಚಾಳಿ, ಎಲ್ಲರ ಮನೆಯಲ್ಲೂ ಇರುವಂಥದ್ದು ಎಂದೇ ನಾನು ಅಂದುಕೊಂಡಿದ್ದೆ. ಅದು ಅಷ್ಟು ಸಣ್ಣದಲ್ಲವೆಂದು ತಿಳಿಯುವುದಕ್ಕೆ 2021ರ ಮಳೆಗಾಲದಲ್ಲಿ ಒಂದು ಲ್ಯಾಪ್‌ಟಾಪ್ ಕೆಡಬೇಕಾಯಿತು.

ಆ ಲ್ಯಾಪ್‌ಟಾಪ್ ನನ್ನ ಮಗನದು. ಬೆಂಗಳೂರಿನಲ್ಲಿ ಹೊಸದನ್ನು ಕೊಂಡ ಮೇಲೆ ಹಳೆಯದನ್ನು ಶಿಕಾರಿಪುರದ ಮನೆಯಲ್ಲಿ ಬಿಟ್ಟುಹೋಗಿದ್ದ. ನಾನು ಅದರಲ್ಲಿ ಬೆರಳಿನಿಂದ ಹುಡುಕಿ ಹುಡುಕಿ ಕನ್ನಡ ಟೈಪು ಮಾಡುವುದನ್ನು ಕಲಿತು, ನಮ್ಮ ಅತ್ತೆಯವರು ಹೇಳುತ್ತಿದ್ದ ಹಸೆ ಹಾಡುಗಳನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೆ. ಅತ್ತೆಯವರು ಹೋದ ಮೇಲೆ ಆ ಹಾಡುಗಳು ಇದ್ದದ್ದು ಅದೊಂದರಲ್ಲೇ.

ಆ ವರ್ಷ ಕೊರೋನಾದಿಂದ ಕಾಲೇಜುಗಳು ಮುಚ್ಚಿದ್ದವು, ಪಾಠವೆಲ್ಲ ಆನ್‌ಲೈನ್. ಹದಿನೈದು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗಳು ಬಿ.ಕಾಂ. ಓದುತ್ತಿದ್ದಳು. ಅವರ ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದೂ ದುಡಿಯಲು ಹೋಗುವ ಅಣ್ಣನ ಜೇಬಿನಲ್ಲಿ. "ದಿನಾ ಹನ್ನೊಂದಕ್ಕೆ ಬಾ, ನಮ್ಮಲ್ಲೇ ಕೂತು ಪಾಠ ಕೇಳು" ಎಂದೆ. ಹುಡುಗಿ ಬಂದು ನಡುಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದಳು. ಅವಳಿಗೆ ಕಾಫಿ ಕೊಡುವಾಗ ನನಗೆ ನನ್ನ ಬಗ್ಗೆಯೇ ಸ್ವಲ್ಪ ಮೆಚ್ಚುಗೆ ಆಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಉಪಕಾರ ಮಾಡುವವರಿಗೆ ಇದೊಂದು ಸುಖ, ಅಲ್ಲವೇ?

ಜುಲೈನಲ್ಲಿ ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಸಣ್ಣ ದೀಪ ಹೊತ್ತಿತು, ಒಳಗೆ ಫ್ಯಾನು ತಿರುಗಿದ ಸದ್ದಾಯಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮತ್ತೆ ಒತ್ತಿದೆ. ಊಹೂಂ. ಹನ್ನೊಂದಕ್ಕೆ ಹುಡುಗಿ ಬಂದಳು. ಅವಳು ಛತ್ರಿ ಮಡಿಸುವುದಕ್ಕೂ ಬಿಡದೆ ನಾನು ಕೇಳಿದೆ: "ನಿನ್ನೆ ಏನು ಮಾಡಿದೆ ಇದಕ್ಕೆ?"

"ಏನೂ ಮಾಡಿಲ್ರೀ ಅಮ್ಮಾರೆ."

"ಏನೂ ಮಾಡದೆ ಹೇಗೆ ಕೆಡುತ್ತೆ?"

ಅವಳು ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದಳು. ನನ್ನ ಮುಖ ನೋಡಿ ಸುಮ್ಮನಾದಳು. ನೋಟ್‌ಬುಕ್ಕನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಳೆಯಲ್ಲೇ ಹೋದಳು.

ಮರುದಿನ ಬಂದದ್ದು ತಾಯಿ. ಪಾತ್ರೆಗಳಿಗೆ ಕೈಹಾಕುವ ಮೊದಲು ಬಾಗಿಲಲ್ಲೇ ನಿಂತು, "ಅಮ್ಮಾರೆ, ರಿಪೇರಿಗೆ ಎಷ್ಟಾಗ್ತೈತೋ ಅಷ್ಟನ್ನ ನನ್ನ ಸಂಬಳದಾಗೆ ಹಿಡ್ಕೊಳ್ರಿ. ಒಂದೇ ಸಲಕ್ಕೆ ಬ್ಯಾಡ, ತಿಂಗಳಿಗಿಷ್ಟು ಅಂತ ಹಿಡ್ಕೊಳ್ರಿ" ಎಂದಳು. ಆ ಕ್ಷಣದಲ್ಲೇ "ಛೇ, ಅದೆಲ್ಲ ಯಾಕೆ?" ಎನ್ನಬೇಕಿತ್ತು. ನಾನು ಹೇಳಿದ್ದು, "ನೋಡೋಣ, ಮೊದಲು ಎಷ್ಟಾಗುತ್ತೆ ಅಂತ ಗೊತ್ತಾಗಲಿ" ಎಂದು. ಇಷ್ಟು ವರ್ಷವಾದರೂ ಆ "ನೋಡೋಣ" ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ.

ನನ್ನ ತವರು ಸೊರಬ. ಅಲ್ಲಿ ನಮ್ಮಣ್ಣನ ಮಗ ಮನೆಯ ಜಗಲಿಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ. ಮನೆ ಮುಟ್ಟಿ, ಅದನ್ನು ಅವನ ಕೈಗೆ ಕೊಡುವಾಗಲೇ ಕಥೆಯನ್ನೂ ಹೇಳಿದೆ: "ಕೆಲಸದವಳ ಮಗಳು ಏನೋ ಮಾಡಿ ಕೆಡಿಸಿದಾಳೆ ನೋಡೋ."

ಅವನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಪ್ರಶ್ನೆಗಳೇ ಬೇರೆ. "ದೀಪ ಬರುತ್ತಾ ಅತ್ತೆ? ಫ್ಯಾನ್ ತಿರುಗುತ್ತಾ? ಬೀಪ್ ಅಂತ ಸದ್ದೇನಾದ್ರೂ ಬಂತಾ?" ಎಂದು ಕೇಳುತ್ತ, ಗೋಡೆಯ ಪ್ಲಗ್ಗಿಗೆ ಮೊದಲು ತನ್ನ ಮೊಬೈಲ್ ಚಾರ್ಜರ್ ಸಿಕ್ಕಿಸಿ ಕರೆಂಟು ಇದೆಯೇ ಎಂದು ನೋಡಿದ. ಆಮೇಲೆ ನನ್ನ ಚಾರ್ಜರಿನ ತುದಿಗೆ ಮೀಟರ್ ಹಿಡಿದ. ಅದರ ಮೇಲೆ ಬರೆದಿದ್ದ ಹತ್ತೊಂಬತ್ತು ವೋಲ್ಟು ಸರಿಯಾಗಿ ಬರುತ್ತಿತ್ತು. ಬ್ಯಾಟರಿ ಕಳಚಿ ಉಬ್ಬಿದೆಯೇ ಎಂದು ಬೆರಳಾಡಿಸಿದ. ಉಬ್ಬಿದ್ದರೆ ಅದನ್ನು ಮತ್ತೆ ಹಾಕಲೇಬಾರದಂತೆ, ಬೆಂಕಿ ಹತ್ತಿಕೊಳ್ಳಬಹುದಂತೆ. ಬ್ಯಾಟರಿಯೂ ಇಲ್ಲದೆ ಚಾರ್ಜರೂ ಇಲ್ಲದೆ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ. "ಒಳಗೆ ಉಳಿದಿರೋ ಚೂರುಪಾರು ಕರೆಂಟು ಇಳಿದು ಹೋಗಲಿ ಅಂತ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ" ಎಂದ. ಸರಿಹೋಗಲಿಲ್ಲ.

ಕಿಟಕಿ ಮುಚ್ಚಿ ಕತ್ತಲು ಮಾಡಿ ಪರದೆಗೆ ಟಾರ್ಚು ಬಿಟ್ಟ. ಹಿಂದಿನ ಬೆಳಕು ಮಾತ್ರ ಹೋಗಿದ್ದರೆ ಚಿತ್ರ ಮಸುಕಾಗಿ ಕಾಣಬೇಕಂತೆ. ಕಾಣಲಿಲ್ಲ. ಮನೆಯ ಟೀವಿಗೆ ತಂತಿ ಜೋಡಿಸಿ ನೋಡಿದ. ಅಲ್ಲೂ ಏನಿಲ್ಲ. "ಹಂಗಾದ್ರೆ ಪರದೆಯದ್ದಲ್ಲ, ಒಳಗಿನದು" ಎಂದ.

ನನಗೆ ಬೇಸರ ಬಂದು, "ಸುಮ್ಮನೆ ಬಿಚ್ಚಿ ಎಲ್ಲಾ ಒಮ್ಮೆಲೇ ಬದಲಾಯಿಸಬಾರದೇನೋ?" ಎಂದೆ.

"ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ ಅತ್ತೆ. ಒಂದು ಸಲಕ್ಕೆ ಒಂದು. ಖರ್ಚಿಲ್ಲದ್ದು ಮೊದಲು, ದುಬಾರಿದು ಕೊನೆಗೆ."

ಗುಂಡಿ ಒತ್ತಿದಾಗ ಒಳಗೆ ಏನಾಗುತ್ತದೆಂದೂ ಹೇಳಿದ. ಯಂತ್ರ ಎದ್ದ ಕೂಡಲೇ ಕೆಲಸಕ್ಕೆ ತೊಡಗುವುದಿಲ್ಲವಂತೆ. ಮೊದಲು ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತದೆ. ಮಿದುಳು ಇದೆಯೇ, ಜ್ಞಾಪಕಶಕ್ತಿ ಇದೆಯೇ ಎಂದು ತಡವಿ ನೋಡಿಕೊಂಡ ಮೇಲೆಯೇ ಪರದೆಗೆ ಬೆಳಕು. ಜ್ಞಾಪಕಶಕ್ತಿ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. "ಬರೆದಿಟ್ಟದ್ದೆಲ್ಲ ಬೇರೆ ಕಡೆ ಇರುತ್ತೆ, ಹಾರ್ಡ್ ಡಿಸ್ಕಿನಲ್ಲಿ. ಇದು ಏಳದೇ ಹೋದ್ರೂ ಅದನ್ನ ತೆಗೀಬಹುದು. ಅಜ್ಜಿ ಹಾಡು ಎಲ್ಲೂ ಹೋಗಲ್ಲ" ಎಂದು ಸಮಾಧಾನ ಮಾಡಿದ.

ಹಿಂಬದಿಯ ಸ್ಕ್ರೂ ಬಿಚ್ಚಿ, ಬಾಚಣಿಗೆ ತುಂಡಿನಂಥ ಒಂದು ಹಸಿರು ಪಟ್ಟಿಯನ್ನು ಕಿತ್ತ. ಅದೇ ರ‍್ಯಾಮ್ ಅಂತೆ. ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಮಕ್ಕಳು ಪೆನ್ಸಿಲ್ ಬರಹ ಅಳಿಸುವ ರಬ್ಬರಿನಿಂದ ಮೃದುವಾಗಿ ತಿಕ್ಕಿ, ಒರೆಸಿ, ಮತ್ತೆ ಸರಿಯಾಗಿ ಕೂರಿಸಿದ. ಗುಂಡಿ ಒತ್ತಿದ. ಪರದೆ ಬೆಳಗಿತು.

"ಇದನ್ನ ಎಲ್ಲಿ ಇಡ್ತೀರಿ ಅತ್ತೆ?"

"ಗೋಡೆ ಕಪಾಟಿನಲ್ಲಿ. ಧೂಳು ಕೂರಬಾರದೂಂತ ದಿನಾ ಬಟ್ಟೆ ಸುತ್ತಿ ಇಡ್ತೀನಿ."

"ಮಳೆ ಹೊಡೆಯೋ ಕಡೆ ಗೋಡೆಯಾ?"

ಹೌದು. ಆ ಗೋಡೆ ಮಳೆಗಾಲವಿಡೀ ಬೆವರುತ್ತದೆ. ಅಲ್ಲಿಟ್ಟ ಸೀರೆಗಳಿಗೂ ಬೂಷ್ಟು ಬರುತ್ತದೆ.

"ಥಂಡಿಗೆ ಹಿಂಗಾಗುತ್ತೆ. ಅದರಿಂದಲೇ ಆಯ್ತು ಅಂತ ಆಣೆ ಇಟ್ಟು ಹೇಳಕ್ಕಾಗಲ್ಲ. ದಿನಾ ಒಂದೆರಡು ಗಂಟೆ ಓಡಿದ್ರೆ ಒಳ್ಳೇದೇ, ಬಿಸಿಗೆ ಒಳಗಿನ ತೇವ ಆರುತ್ತೆ. ಎಲ್ಲಿ ಕೆಟ್ಟಿದೆ ಅಂತ ಯಂತ್ರ ಹೇಳುತ್ತೆ ಅತ್ತೆ, ಯಾರು ಕೆಡಿಸಿದ್ದು ಅಂತ ಹೇಳಲ್ಲ."

ಅವನು ಸಹಜವಾಗಿಯೇ ಹೇಳಿದ. ಆದರೆ ಆ ಜಗಲಿಯಲ್ಲಿ ಕೂತವಳಿಗೆ ಒಮ್ಮೆಲೇ 1984ರ ನೆನಪು ಬಂತು. ಅದೇ ಜಗಲಿ ಇಳಿದು ನಾನು ಮದುಮಗಳಾಗಿ ಶಿಕಾರಿಪುರಕ್ಕೆ ಹೋಗಿದ್ದೆ. ಹೋಗಿ ಹತ್ತು ದಿನವಾಗಿರಲಿಲ್ಲ, ತೋಟದ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿತು. ಅತ್ತೆಯವರು ಬೈಯಲಿಲ್ಲ, ಕೂಗಾಡಲಿಲ್ಲ. ಪಕ್ಕದ ಮನೆಯವರ ಹತ್ತಿರ ಮೆಲ್ಲಗೆ, "ಕಾಲ್ಗುಣ ನೋಡಿ" ಎಂದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ, ಕೇಳಿಸಿತು. ವೋಲ್ಟೇಜು ಇಳಿದಾಗ ಮೋಟಾರುಗಳು ಸುಡುವುದು ಆಗ ಹಳ್ಳಿಹಳ್ಳಿಯಲ್ಲೂ ನಡೆಯುತ್ತಿದ್ದ ಸಂಗತಿ. ಆದರೆ ವೋಲ್ಟೇಜು ಕಣ್ಣಿಗೆ ಕಾಣುವುದಿಲ್ಲ. ಹೊಸದಾಗಿ ಬಂದ ಹುಡುಗಿ ಕಾಣುತ್ತಾಳೆ. ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ದೀಪ ಆರಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಇದು ಹೆಣ್ಣುಮಕ್ಕಳಾದ ನಮಗೆ ಹೊಸ ವಿಷಯವಲ್ಲ. ಸೊಸೆ ಬಂದ ವರ್ಷ ಹಸು ಸತ್ತರೆ, ಮಗು ಹುಟ್ಟಿದ ವಾರ ಅಪ್ಪನ ಕೆಲಸ ಹೋದರೆ, ಅದಕ್ಕೊಂದು ಕಾಲು, ಆ ಕಾಲಿಗೊಂದು ಗುಣ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಸಂಸ್ಕೃತದವರು ಇದನ್ನೇ ಕಾಕತಾಳೀಯ ಎಂದರು: ಕಾಗೆ ತಾಳೆಮರದ ಮೇಲೆ ಕೂತಿತು, ಹಣ್ಣು ಬಿತ್ತು; ಕೂತದ್ದರಿಂದಲೇ ಬಿತ್ತೆನ್ನಲಾಗದು. ಗಾದೆ ನಮ್ಮೆಲ್ಲರ ಬಾಯಲ್ಲೂ ಇದೆ. ಆದರೂ ಟೊಂಗೆ ಮುರಿದಾಗ ನಾವು ಕಲ್ಲು ಎತ್ತಿಕೊಳ್ಳುವುದು ಕಾಗೆಗೇ. ಕಾಲ್ಗುಣದ ಮಾತು ಕೇಳಿ ಅಳುತ್ತಿದ್ದ ನಾನೇ ಮೂವತ್ತೇಳು ವರ್ಷಗಳ ಮೇಲೆ ಇನ್ನೊಬ್ಬ ಹುಡುಗಿಗೆ ಅದನ್ನೇ ಹೇಳಿದ್ದೆ. ಪದ ಮಾತ್ರ ಬೇರೆ.

ಇಲ್ಲಿಗೆ ನಿಲ್ಲಿಸಿದರೆ ಸುಲಭ. ಹುಡುಗಿ ನಿರ್ದೋಷಿ, ನಾನು ಪಶ್ಚಾತ್ತಾಪಪಟ್ಟೆ, ಕಥೆ ಮುಗಿಯಿತು. ಆದರೆ ಸೊರಬದಿಂದ ವಾಪಸು ಬರುವ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಕಾಡಿತು. ಅವಳ ಕೈತಪ್ಪಿಯೇ ಕೆಟ್ಟಿದ್ದರೆ? ಆಗ ನಾನು ಕೇಳಿದ ರೀತಿ ಸರಿಯಾಗುತ್ತಿತ್ತೇ?

ಇದೇ ಲ್ಯಾಪ್‌ಟಾಪಿನ ಮೇಲೆ ನನ್ನ ಮಗ ಒಂದು ಸಲ ಚಹಾ ಚೆಲ್ಲಿದ್ದ. ಕೀಲಿಮಣೆಯನ್ನೇ ಬದಲಾಯಿಸಬೇಕಾಯಿತು. ಆಗ ನಾನು ಅಂದದ್ದು, "ಹೋಗಲಿ ಬಿಡು, ನಿನ್ನ ಕೈ ಸುಡಲಿಲ್ಲ ತಾನೇ?" ಯಂತ್ರ ಅದೇ, ತಪ್ಪು ಕಣ್ಣೆದುರಿಗೇ ಆದದ್ದು, ಆದರೂ ನನ್ನ ದನಿಯೇ ಬೇರೆ. ಹೊಣೆ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಅಜಾಗರೂಕತೆ ಇದ್ದರೆ ತಿಳಿಸಿ ಹೇಳಲೇಬೇಕು. ಆದರೆ ಅದು ಕಾರಣ ಗೊತ್ತಾದ ಮೇಲೆ, ಮಗನಿಗೆ ಹೇಳುವ ದನಿಯಲ್ಲೇ ಹೇಳಬೇಕಾದ ಮಾತು. ಬಳಸುವುದಕ್ಕೆಂದು ಕೊಟ್ಟ ವಸ್ತು ಬಳಸುತ್ತ ಸವೆಯುತ್ತದೆ. ಸವೆಯುವುದಕ್ಕೆ ಒಪ್ಪದವರು ಕೊಡಬಾರದು. ಕೊಟ್ಟು, ಸವೆದಾಗ ಲೆಕ್ಕ ಕೇಳಿದರೆ ಅದು ಉಪಕಾರವಲ್ಲ, ಬಾಡಿಗೆ.

ಶಿರಾಳಕೊಪ್ಪ ಬಂತು. ಅಲ್ಲಿಂದ ಬಳ್ಳಿಗಾವಿ ದೂರವಿಲ್ಲ. ಅಲ್ಲಮಪ್ರಭು ಹುಟ್ಟಿದ ಊರು. ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಒಂದೇ ಸೀಮೆಯ ಇವರಿಬ್ಬರೂ ಕಲ್ಯಾಣದಲ್ಲಿ ಎದುರುಬದುರಾದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಗಂಡನನ್ನು ಬಿಟ್ಟು ಬಂದ ಒಂಟಿ ಹೆಣ್ಣಿಗೆ ಅಲ್ಲಮ ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಗಳು ಸಾಮಾನ್ಯವಾದವಲ್ಲ, ಬಹಳ ಕಠಿಣ. ಆದರೆ ಅವನು ಕೇಳಿ ಉತ್ತರಕ್ಕೆ ಕಾದ. ಅವಳ ಬಳಿ ಉತ್ತರವಿರಬಹುದೆಂದು ನಂಬಿ ಕೇಳಿದ ಪ್ರಶ್ನೆಗಳವು. ಅವಳು ಉತ್ತರಿಸಿದಳು, ಶರಣರು ತಲೆಬಾಗಿದರು. ನಾನು ಕೇಳಿದ್ದೂ ಪ್ರಶ್ನೆಯೇ. ಆದರೆ ಉತ್ತರ ನನ್ನ ಹತ್ತಿರ ಆಗಲೇ ಸಿದ್ಧವಾಗಿತ್ತು. ಅವಳು ತಲೆತಗ್ಗಿಸುವುದು ಮಾತ್ರ ಬಾಕಿ ಇತ್ತು.

ಬಸ್ಸಿಳಿದವಳು ಮನೆಗೆ ಹೋಗದೆ ನೇರವಾಗಿ ಅವರ ಮನೆಗೆ ಹೋದೆ. ಹದಿನೈದು ವರ್ಷಗಳಲ್ಲಿ ನಾನು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ತಾಯಿ ಗಡಿಬಿಡಿಯಿಂದ ಚಾಪೆ ಹಾಸಿದಳು. ನಾನು ಹುಡುಗಿಗೆ, "ನಿನ್ನ ತಪ್ಪೇನೂ ಇರಲಿಲ್ಲ. ಇದ್ದಿದ್ರೂ ನಾನು ಹಾಗೆ ಕೇಳಬಾರದಿತ್ತು" ಎಂದೆ. ಸಂಬಳದಲ್ಲಿ ಹಿಡಿಯುವ ಮಾತನ್ನು ಮರೆತುಬಿಡುವಂತೆ ತಾಯಿಗೆ ಹೇಳಿದೆ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗಿ ಹೇಳಿದಳು: "ಎರಡು ದಿನ ಮುಂಚಿಂದಾನೂ ಅದು ಒಂದೇ ಸಲಕ್ಕೆ ಚಾಲೂ ಆಗ್ತಿರ್ಲಿಲ್ರೀ ಅಮ್ಮಾರೆ. ಎರಡು ಮೂರು ಸಲ ಬಟನ್ ಒತ್ತಬೇಕಾಗ್ತಿತ್ತು. ಅವತ್ತು ಅದನ್ನೇ ಹೇಳಾಕೆ ಹೊಂಟಿದ್ದೆ."

ನಾನು ಅಲ್ಲೇ ಕೂತೆ. ಅಣ್ಣನ ಮಗ ಮೀಟರು ಹಿಡಿದು ಒಂದು ಗಂಟೆ ಹುಡುಕಿದ್ದಕ್ಕೆ ಬೇಕಾದ ಸುಳಿವು ಅವಳ ನಾಲಗೆಯ ತುದಿಯಲ್ಲಿತ್ತು. "ಏನಾಯಿತು?" ಎಂದು ಕೇಳಿದ್ದರೆ ಆಗಲೇ ಸಿಗುತ್ತಿತ್ತು. ತಪ್ಪಿತಸ್ಥರನ್ನು ಹುಡುಕುವ ಆತುರದಲ್ಲಿ ತಪ್ಪು ಎಲ್ಲಿದೆಯೆಂದು ಬಲ್ಲವಳ ಬಾಯನ್ನೇ ಮುಚ್ಚಿಸಿದ್ದೆ. ಹೀಗೆ ನಮ್ಮ ಮನೆಗಳಲ್ಲಿ ಎಷ್ಟು ಬಾಯಿಗಳು ಮುಚ್ಚಿವೆಯೋ! ಹಾಲು ಒಡೆದದ್ದನ್ನು ಹೇಳದ ಸೊಸೆ, ಅಂಕಪಟ್ಟಿ ಬಚ್ಚಿಡುವ ಮಗ, ಮೈಯಲ್ಲಿ ಗಂಟು ಕಂಡರೂ ತಿಂಗಳುಗಟ್ಟಲೆ ಯಾರಿಗೂ ಹೇಳದ ತಾಯಿ. ಮೊದಲು ತಮ್ಮನ್ನೇ ಅನ್ನುತ್ತಾರೆಂದು ಗೊತ್ತಿದ್ದವರು ಯಾಕಾದರೂ ಹೇಳುತ್ತಾರೆ?

ಹುಡುಗಿ ಮರುದಿನ ಬರಲಿಲ್ಲ. ಮೂರನೆಯ ದಿನ ಬಂದಳು. ಗುಂಡಿ ಒತ್ತುವ ಮೊದಲು ನನ್ನ ಕಡೆ ನೋಡಿದಳು. ಮೊದಲು ಹಾಗೆ ನೋಡುತ್ತಿರಲಿಲ್ಲ. ಅದೇ ತಿಂಗಳ ಕೊನೆಗೆ ಕಾಲೇಜು ತೆರೆಯಿತು, ಅವಳು ಬರುವುದು ನಿಂತಿತು. ಲ್ಯಾಪ್‌ಟಾಪು ಈಗ ಒಳಗಿನ ಕೋಣೆಯ ಮೇಜಿನ ಮೇಲಿದೆ, ಹಸೆ ಹಾಡುಗಳೂ ಅದರಲ್ಲಿವೆ. ಮನೆಯಲ್ಲಿ ಏನಾದರೂ ಕೆಟ್ಟರೆ ಈಗಲೂ ನನ್ನ ನಾಲಗೆಗೆ ಮೊದಲು ಬರುವುದು "ಯಾರು" ಎಂಬುದೇ. ಅದನ್ನು ನುಂಗಿಕೊಂಡು "ಏನಾಯ್ತು?" ಎನ್ನುವುದಕ್ಕೆ ಇನ್ನೂ ಪ್ರಯತ್ನಪಡಬೇಕಾಗುತ್ತದೆ.